ಹಕ್ಕಿಯ ದನಿಯನ್ನರಿತ ಗಿಲ್ಬರ್ಟ್ ವೈಟ್

ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ ಹ್ಯಾಂಪ್‌ಷೈರ್ ಎಂಬ ಪ್ರಾಂತವುಂಟು. ಅಲ್ಲಿಯ ಸೆಲ್ಬೋರ್ನ್ ಎಂಬ ಪುಟ್ಟ ಗ್ರಾಮದಲ್ಲಿ 1720ನೆಯ ಇಸವಿ ಜುಲೈ 18ರಂದು ಗಿಲ್ಬರ್ಟ್ ವೈಟ್‌ರವರು ಜನಿಸಿದರು. ಅವರ ತಾತನವರು ಆ ಊರಿನ ಚರ್ಚಿನ ಧರ್ಮಗುರುಗಳಾಗಿದ್ದರು. ಆಕ್ಸ್‌ಫರ್ಡಿನ ಓರಿಯಲ್ ಕಾಲೇಜಿನಲ್ಲಿ ವ್ಯಾಸಂಗಮಾಡಿ 1743ರಲ್ಲಿ ಪದವೀಧರರಾದ ವೈಟ್‌ರವರು ಮುಂದೆ ತಾವೂ ಧರ್ಮದೀಕ್ಷೆಯನ್ನು ಪಡೆದರು. ಸೆಲ್ಬೋರ್ನಿನ ಪ್ರಧಾನ ಗುರುಪದವಿಯು ಬೇರೊಂದು ಕಾಲೇಜಿನ ಅಧೀನದಲ್ಲಿದ್ದುದರಿಂದ ಅದು ಅವರಿಗೆ ದೊರೆಯುವಂತಿರಲಿಲ್ಲ. ಸಹಾಯಕ ಗುರುವಾಗಿ ಸೇವೆ ಸಲ್ಲಿಸುತ್ತ, ಅವಿವಾಹಿತರಾಗಿಯೇ ಹುಟ್ಟೂರಿನಲ್ಲಿ ಬಾಳಿದರು.

ಆ ಕಾಲದ ಪಂಡಿತರು ಹಕ್ಕಿಗಳನ್ನು ಅರಿಯುತ್ತಿದ್ದುದು ಬಹುಮಟ್ಟಿಗೆ ಸತ್ತ ಹಕ್ಕಿಯ ಗರಿ, ಕೊಕ್ಕು, ಬಣ್ಣಗಳಿಂದ. ವೈಟ್‌ರವರಾದರೋ ಜೀವಂತ ಹಕ್ಕಿಯ ಬಳಿಗೆ ನಡೆದರು. ಎಲೆಗಳ ನಡುವೆ ಸುಳಿದಾಡುವ, ಹಸುರು ಮಿಶ್ರಿತ ಬಣ್ಣದ ಪುಟ್ಟ ಉಲಿಯಕ್ಕಿಗಳು ನೋಟಕ್ಕೆ ಒಂದನ್ನೊಂದು ಹೋಲುತ್ತಿದ್ದುದರಿಂದ ಅವುಗಳನ್ನು ಬೇರ್ಪಡಿಸುವುದು ಬಲು ಕಷ್ಟವಾಗಿತ್ತು. ಮನೆಯ ಸಮೀಪದ ಬೀಚ್ ಮರಗಳ ಗುಡ್ಡದಲ್ಲಿ ವೈಟ್‌ರವರು ತಾಳ್ಮೆಯಿಂದ ಆಲಿಸಿದರು. ಒಂದು ಹಕ್ಕಿ ಎರಡೇ ಸ್ವರಗಳನ್ನು ಬಿಡದೆ ಮರಳಿ ಮರಳಿ ನುಡಿಯುತ್ತಿತ್ತು. ಇನ್ನೊಂದರ ಇಂಪಾದ ಹಾಡು ಮೇಲಿನಿಂದ ಮೆಲ್ಲಮೆಲ್ಲನೆ ಕೆಳಗಿಳಿದು ಅಡಗುತ್ತಿತ್ತು. ಮತ್ತೊಂದು ಎತ್ತರದ ಮರದ ತುದಿಯಲ್ಲಿ ರೆಕ್ಕೆಗಳನ್ನು ನಡುಗಿಸುತ್ತ ಮಿಡತೆಯಂತೆ ಸಿರ್ರನೆ ದನಿಗೈಯುತ್ತಿತ್ತು. ಕಿವಿ ಸೂಚಿಸಿದ ಭೇದವನ್ನು ಅವರು ಕಣ್ಣಿನಿಂದಲೂ ಪರೀಕ್ಷಿಸಿದರು. ಮಾದರಿಗಳನ್ನು ತರಿಸಿ ಗಾತ್ರ, ಕಾಲುಗಳ ಬಣ್ಣ, ರೆಕ್ಕೆಯ ಅಂಚುಗಳನ್ನು ಹೋಲಿಸಿ ನೋಡಿ, ಇವು ಮೂರು ಬೇರೆ ಬೇರೆ ಜಾತಿಗಳೆಂದು 1768ರ ಆಗಸ್ಟ್ ತಿಂಗಳಲ್ಲಿ ಥಾಮಸ್ ಪೆನ್ನಂಟ್ ಎಂಬ ವಿದ್ವಾಂಸರಿಗೆ ಬರೆದು ತಿಳಿಸಿದರು. ಚಿಫ್‌ಚಾಫ್, ವಿಲ್ಲೋ ವಾರ್ಬ್ಲರ್, ವುಡ್ ವಾರ್ಬ್ಲರ್ ಎಂಬುವು ಅವುಗಳ ಇಂದಿನ ಹೆಸರುಗಳು.

ಬೇಲಿಯ ಪೊದೆಯಲ್ಲಿ ಕೇಳಿಬರುತ್ತಿದ್ದ ಮಿಡತೆಯಂಥ ದನಿಯೊಂದನ್ನು ಹಳ್ಳಿಗರು ಕೀಟದ್ದೆಂದೇ ನಂಬಿದ್ದರು. ಅದು ಇಲಿಯಂತೆ ನುಸುಳುವ ಒಂದು ಹಕ್ಕಿಯದೆಂದು ವೈಟ್‌ರವರು ವಿವರಿಸಿದರು. ಸಂಗೀತಜ್ಞರಾದ ಮಿತ್ರರೊಬ್ಬರು ಶ್ರುತಿಯ ಪೀಪಿಯಿಂದ ಗೂಬೆಗಳ ಕೂಗಿನ ಸ್ವರವನ್ನು ಪರೀಕ್ಷಿಸಿದ ಸಂಗತಿಯನ್ನೂ ದಾಖಲಿಸಿದರು.

ಇಂತಹವರಿಗೆ ವಿಧಿಯು ಕಠಿಣ ಪರೀಕ್ಷೆಯನ್ನೊಡ್ಡಿತು. 1774ರ ವೇಳೆಗೆ, ಐವತ್ತನಾಲ್ಕರ ವಯಸ್ಸಿನಲ್ಲಿ, ಕಿವುಡು ಅವರನ್ನು ಮತ್ತೆ ಮತ್ತೆ ಬಾಧಿಸತೊಡಗಿತು. ಅದು ಕವಿದಾಗಲೆಲ್ಲ ವಸಂತದ ತೋಪು ಅವರ ಪಾಲಿಗೆ ಮೌನವಾಗುತ್ತಿತ್ತು. ಆದರೂ ಅವರು ಅಧ್ಯಯನವನ್ನು ಕೈಬಿಡಲಿಲ್ಲ. ಬಾನಾಡಿಗಳಾದ ಕವಲುತೋಕೆಗಳನ್ನೂ ಬಾನಕ್ಕಿಗಳನ್ನೂ ಕುರಿತು ಅವರು ಬರೆದ ಪ್ರಬಂಧಗಳು 1774 ಮತ್ತು 1775ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾದವು. ದಿನಚರಿಯ ಬರವಣಿಗೆ ಮರಣಕ್ಕೆ ಕೆಲವೇ ದಿನಗಳ ಮುಂಚಿನವರೆಗೂ ಸಾಗಿತು.

ಪೆನ್ನಂಟ್ ಹಾಗೂ ಡೇನ್ಸ್ ಬ್ಯಾರಿಂಗ್ಟನ್‌ರವರಿಗೆ ಬರೆದ ಪತ್ರಗಳ ರೂಪದಲ್ಲಿರುವ ಅವರ ಸೆಲ್ಬೋರ್ನಿನ ನಿಸರ್ಗ ಚರಿತ್ರೆಯನ್ನು ಸೋದರ ಬೆಂಜಮಿನ್‌ರವರು 1789ರಲ್ಲಿ ಪ್ರಕಟಿಸಿದರು. ಅದು ಇಂದಿಗೂ ಮರುಮುದ್ರಣಗೊಳ್ಳುತ್ತಿದೆ. 1793ರ ಜೂನ್ 26ರಂದು ವೈಟ್‌ರವರು ದಿವಂಗತರಾದರು. ಅವರ ಸಮಾಧಿಯ ಕಲ್ಲಿನ ಮೇಲೆ ಹೆಸರಿನ ಮೊದಲಕ್ಷರಗಳೂ ಮರಣದ ದಿನಾಂಕವೂ ಮಾತ್ರ ಇವೆ.

ಅದೇ ಕುಲದ ಹಸುರು ಉಲಿಯಕ್ಕಿಗಳು ಚಳಿಗಾಲದಲ್ಲಿ ಕನ್ನಡನಾಡಿನ ಮರಗಳಿಗೂ ಬಂದು ತಂಗುತ್ತವೆ. ಎಲೆಮರೆಯ ಆ ಅತಿಥಿಗಳನ್ನು ಗುರುತಿಸಲು ಇಂದಿಗೂ ದನಿಯೇ ದೊಡ್ಡ ಆಧಾರ. ಹುಟ್ಟೂರಿನ ಒಂದು ಗುಡ್ಡವೇ ಜೀವಮಾನದ ಪಾಠಶಾಲೆಯಾಗಬಲ್ಲದೆಂಬುದಕ್ಕೆ ವೈಟ್‌ರವರ ಬಾಳು ವಿದ್ಯಾರ್ಥಿಗಳಿಗೆ ಉಜ್ವಲ ನಿದರ್ಶನವಾಗಿದೆ.