ಆಯ್ದಕ್ಕಿ ಮಾರಯ್ಯ ಶರಣರ ಚರಿತ್ರವು

ತತ್ತ್ವವನ್ನು ನುಡಿಯುವವರು ಎಲ್ಲ ಕಾಲಗಳಲ್ಲಿಯೂ ಇರುವರು. ನುಡಿದ ತತ್ತ್ವವನ್ನು ದಿನದಿನದ ದುಡಿಮೆಯ ತಕ್ಕಡಿಯಲ್ಲಿಟ್ಟು ತೂಗಿ ನೋಡುವವರು ವಿರಳರು. 12ನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಲೋಕಕ್ಕೆ ಕೊಟ್ಟ ಕಾಯಕ ದಾಸೋಹಗಳೆಂಬ ಎರಡು ಮಹಾತತ್ತ್ವಗಳನ್ನು ಹೀಗೆ ತೂಗಿ ನೋಡಿ, ತೂಕದಲ್ಲಿ ಅಲ್ಪವಾಗಿ ಏರುಪೇರಾದಾಗಲೂ ಅದನ್ನು ಸರಿಪಡಿಸಿಕೊಂಡ ದಂಪತಿಗಳೆಂದರೆ ಆಯ್ದಕ್ಕಿ ಮಾರಯ್ಯನವರು ಮತ್ತು ಅವರ ಧರ್ಮಪತ್ನಿಯಾದ ಲಕ್ಕಮ್ಮನವರು. ಈ ಶರಣದಂಪತಿಗಳು ಕಲ್ಯಾಣಕ್ಕೆ ಹೋದದ್ದು ಕೃಷ್ಣಾ ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿನಿಂದ ಎಂಬುದು ಅರಕೇರಾ, ದೇವದುರ್ಗ, ಮಾನ್ವಿ ಸೀಮೆಯ ಸದ್ಭಕ್ತರಿಗೆಲ್ಲ ಅಭಿಮಾನದ ಸಂಗತಿಯು. ಅಭಿಮಾನಕ್ಕಿಂತಲೂ ಹೆಚ್ಚಾಗಿ ಅದು ಹೊಣೆಯ ಸಂಗತಿಯೆಂಬುದು ಅವರ ಚರಿತ್ರವನ್ನು ಮನವಿಟ್ಟು ಓದಿದವರಿಗೆ ತಾನಾಗಿಯೇ ತಿಳಿಯುವದು.

ಮಾರಯ್ಯನವರ ಮೂಲಸ್ಥಳವು ಅಮರೇಶ್ವರವು. ಈ ಕ್ಷೇತ್ರವು ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನಲ್ಲಿ, ಗುರುಗುಂಟೆಯ ಸಮೀಪದಲ್ಲಿದೆ. ಆ ಕ್ಷೇತ್ರದ ದೇವರ ಹೆಸರನ್ನೇ ಅವರು ತಮ್ಮ ವಚನಗಳಿಗೆ ಅಂಕಿತವಾಗಿ ಇಟ್ಟುಕೊಂಡರು. ಮಾರಯ್ಯನವರ ಅಂಕಿತವು ಅಮರೇಶ್ವರಲಿಂಗವೆಂದು. ಲಕ್ಕಮ್ಮನವರದು ಪತಿಯ ಹೆಸರನ್ನೂ ಕೂಡಿಸಿಕೊಂಡು ಮಾರಯ್ಯಪ್ರಿಯ ಅಮರೇಶ್ವರಲಿಂಗವೆಂದು. ಈ ನಾಡು ಮೊದಲಿನಿಂದಲೂ ಮಳೆಯನ್ನು ನಂಬಿದ ನಾಡು. ಜೋಳ, ಸಜ್ಜೆ, ನವಣೆ, ತೊಗರಿಗಳು ಇಲ್ಲಿಯ ಹೊಲದ ಬೆಳೆಗಳು. ಅಕ್ಕಿಯೆಂಬುದು ಬಡವನ ಮನೆಯಲ್ಲಿ ಹಬ್ಬ ಹುಣ್ಣಿವೆಗಳಿಗೆ ಮಾತ್ರ ಕಾಣುವ ಪದಾರ್ಥವಾಗಿತ್ತು. ಕಾಳಿನ ಬೆಲೆಯನ್ನು ಈ ಸೀಮೆಯವರಿಗೆ ಯಾರೂ ಬೋಧಿಸಬೇಕಾಗಿಲ್ಲ. ಕಣದಲ್ಲಿ ಚೆಲ್ಲಿದ್ದನ್ನು ಬಳಿದು ತೆಗೆಯುವದೂ, ಕೊಯ್ದ ಹೊಲದಲ್ಲಿ ಹಕ್ಕಲು ಆಯುವದೂ ಇಲ್ಲಿ ವಾಡಿಕೆಯಾದ ಕೆಲಸಗಳು. ಮಾರಯ್ಯ ದಂಪತಿಗಳು ಮುಂದೆ ಕಲ್ಯಾಣದಲ್ಲಿ ಕೈಕೊಂಡ ಕಾಯಕದ ಮೂಲವು ಇಂಥ ನೆಲದ ಬಾಳುವೆಯಲ್ಲಿಯೇ ಇದೆಯೆಂದು ಭಾವಿಸಬಹುದು.

ಆ ಕಾಲದಲ್ಲಿ ಕಲಚುರ್ಯ ಬಿಜ್ಜಳನು ಕಲ್ಯಾಣದಲ್ಲಿ ಆಳುತ್ತಿದ್ದನು. ಅವನ ಭಂಡಾರದ ಅಧಿಕಾರವನ್ನು ವಹಿಸಿದ್ದ ಬಸವಣ್ಣನವರ ಮಹಾಮನೆಯಲ್ಲಿ ನಾನಾ ದೇಶಗಳಿಂದ ಬಂದ ಶರಣರು ನೆರೆಯುತ್ತಿದ್ದರು. ಅನುಭವಮಂಟಪದಲ್ಲಿ ಅಲ್ಲಮಪ್ರಭುದೇವರ ಸಮ್ಮುಖದಲ್ಲಿ ತತ್ತ್ವಚರ್ಚೆಯು ನಡೆಯುತ್ತಿತ್ತು. ಅಲ್ಲಿ ಸಿದ್ಧವಾದ ಸಮಾಜತತ್ತ್ವವನ್ನು ಸಂಕ್ಷೇಪವಾಗಿ ಹೇಳುವದಾದರೆ ಹೀಗೆ: ದೇಹವುಳ್ಳವರೆಲ್ಲರೂ ದುಡಿಯತಕ್ಕವರು, ಸತ್ಯಶುದ್ಧವಾಗಿ ಮಾಡಿದ ಯಾವ ದುಡಿಮೆಯೂ ಮೇಲಲ್ಲ, ಕೀಳಲ್ಲ, ಆ ದುಡಿಮೆಯಿಂದ ಬಂದದ್ದು ತನ್ನದೊಬ್ಬನದೇ ಅಲ್ಲ, ಗುರು ಲಿಂಗ ಜಂಗಮಕ್ಕೆ ಸಲ್ಲಬೇಕಾದದ್ದು. ಮೊದಲಿನದು ಕಾಯಕ, ಕಡೆಯದು ದಾಸೋಹ. ಹೊಟ್ಟೆಗಾಗಿ ಮಾಡುವ ಉದ್ಯೋಗಕ್ಕೂ ಕಾಯಕಕ್ಕೂ ಅಂತರವಿದೆ. ಪುಣ್ಯದ ಆಸೆಯಿಂದ ಕೊಡುವ ದಾನಕ್ಕೂ ದಾಸೋಹಕ್ಕೂ ಅಂತರವಿದೆ. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸನು.

ಈ ಕೀರ್ತಿಯನ್ನು ಕೇಳಿ ಮಾರಯ್ಯನವರೂ ಲಕ್ಕಮ್ಮನವರೂ ಕೃಷ್ಣಾ ಭೀಮೆಗಳನ್ನು ದಾಟಿ ಕಲ್ಯಾಣಕ್ಕೆ ಬಂದರು. ಬಂದವರಲ್ಲಿ ಹೊಲವಿರಲಿಲ್ಲ, ಬಂಡವಲವಿರಲಿಲ್ಲ. ಆದರೂ ಅವರು ಮಹಾಮನೆಯ ಪ್ರಸಾದದ ಪಂಕ್ತಿಯಲ್ಲಿ ಕುಳಿತು ಕಾಲ ಕಳೆಯಲು ಒಪ್ಪಲಿಲ್ಲ. ಮಹಾಮನೆಗೆ ದಿನವೂ ಧಾನ್ಯದ ಹೇರುಗಳು ಬರುತ್ತಿದ್ದವು. ಇಳಿಸುವಾಗ, ಅಳೆಯುವಾಗ, ಹಸನು ಮಾಡುವಾಗ ಅಂಗಳದಲ್ಲಿ ಅಕ್ಕಿಯು ಚೆಲ್ಲುತ್ತಿತ್ತು. ಕಾಲಡಿಗೆ ಸಿಕ್ಕಿ ಮಣ್ಣುಪಾಲಾಗುವ ಆ ಕಾಳುಗಳನ್ನು ಆಯ್ದು ತರುವದನ್ನೇ ಮಾರಯ್ಯನವರು ತಮ್ಮ ಕಾಯಕವಾಗಿ ಕೈಕೊಂಡರು. ಲಕ್ಕಮ್ಮನವರು ಅದನ್ನು ಹಸನು ಮಾಡಿ ಅಡಿಗೆಗೈದು ಜಂಗಮಕ್ಕೆ ನೀಡಿ, ಉಳಿದ ಪ್ರಸಾದದಿಂದ ಸಂಸಾರವನ್ನು ನಡೆಯಿಸುತ್ತಿದ್ದರು. ಇದರಿಂದಲೇ ಆಯ್ದಕ್ಕಿಯೆಂಬುದು ಅವರ ಹೆಸರಿನ ಭಾಗವಾಯಿತು.

ಈ ಕಾಯಕವನ್ನು ಸಾಮಾನ್ಯವೆಂದು ತಿಳಿಯಲಾಗದು. ಬೇಡಿ ತಂದದ್ದು ಭಿಕ್ಷೆಯಾಗುತ್ತಿತ್ತು. ಕೊಟ್ಟದ್ದನ್ನು ತಂದರೆ ದಾನವಾಗುತ್ತಿತ್ತು. ಕೇಳದೆ ರಾಶಿಯಿಂದ ತಂದರೆ ಕಳವಾಗುತ್ತಿತ್ತು. ಯಾರೂ ಲೆಕ್ಕಿಸದ, ಹಾಳಾಗುವ ಕಾಳನ್ನು ಬೆನ್ನು ಬಾಗಿಸಿ ಒಂದೊಂದಾಗಿ ಆರಿಸಿದರೆ ಅದು ಶುದ್ಧ ದುಡಿಮೆಯು. ಇದಕ್ಕೆ ಉಪಕರಣ ಬೇಡ, ಕುಲ ಬೇಡ, ಒಡೆಯನ ಹಂಗು ಬೇಡ. ಲೋಕದಲ್ಲಿ ಎಲ್ಲರಿಗಿಂತ ಬಡವನಾದವನೂ ಕಾಯಕ ಮಾಡಬಲ್ಲನು, ದಾಸೋಹಿಯಾಗಬಲ್ಲನು ಎಂಬ ಸಿದ್ಧಾಂತಕ್ಕೆ ಇದಕ್ಕಿಂತ ಕಠಿಣವಾದ ಪರೀಕ್ಷೆಯು ಇರಲಾರದು.

ಆದರೆ ಶರಣರ ಬಾಳು ಏರುಪೇರಿಲ್ಲದೆ ನಡೆಯಿತೆಂದು ಪರಂಪರೆಯು ಹೇಳುವದಿಲ್ಲ. ಶೂನ್ಯಸಂಪಾದನೆಯಲ್ಲಿ ಬರುವ ಅವರ ವೃತ್ತಾಂತದಲ್ಲಿ ಎರಡು ಪ್ರಸಂಗಗಳು ಮುಖ್ಯವಾಗಿವೆ. ಮೊದಲನೆಯದು, ಅವರು ಅನುಭವಮಂಟಪದ ಶಿವಾನುಭವಗೋಷ್ಠಿಯಲ್ಲಿ ತನ್ಮಯರಾಗಿ ಕಾಯಕದ ಹೊತ್ತನ್ನೇ ಮರೆತದ್ದು. ಅಲ್ಲಿ ನಡೆಯುತ್ತಿದ್ದದ್ದು ಹರಟೆಯಲ್ಲ. ಪ್ರಭುದೇವರಂಥವರ ಸನ್ನಿಧಿಯಲ್ಲಿ ಪರಮತತ್ತ್ವದ ವಿಚಾರವು. ಹೀಗಿದ್ದರೂ ಲಕ್ಕಮ್ಮನವರು ಸುಮ್ಮನಿರಲಿಲ್ಲ. ಕಾಯಕವು ನಿಂತುಹೋಗಿದೆಯೆಂದು ಪತಿಯನ್ನು ಎಚ್ಚರಿಸಿ ಕೆಲಸಕ್ಕೆ ಕಳುಹಿಸಿದರು. ಕಾಯಕದ ವಿಷಯವಾಗಿ ಎಷ್ಟು ಉತ್ತಮವಾದ ಚರ್ಚೆಯು ನಡೆದರೂ ಅದು ಕಾಯಕವಾಗಲಾರದು ಎಂಬ ಸೂಕ್ಷ್ಮವನ್ನು ಆ ತಾಯಿಯು ಕಂಡಿದ್ದರು. ಮನೆಗೆ ಬರುವ ಜಂಗಮದ ಹಸಿವೆಗೆ ಮಂಟಪದ ಮಾತು ಉತ್ತರವಾಗದಷ್ಟೆ.

ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ಒಂದು ದಿನ ಮಾರಯ್ಯನವರು ವಾಡಿಕೆಗಿಂತ ಹೆಚ್ಚಾದ ಅಕ್ಕಿಯನ್ನು ತಂದರು. ಬಸವಣ್ಣನವರು ಇವರ ನಿಷ್ಠೆಯನ್ನು ನೋಡಬೇಕೆಂದು ಬೇಕೆಂತಲೇ ಅಂಗಳದಲ್ಲಿ ಹೆಚ್ಚು ಅಕ್ಕಿಯನ್ನು ಚೆಲ್ಲಿಸಿದರೆಂದು ಜನರಲ್ಲಿ ಕಥೆಯುಂಟು. ಗಂಟಿನ ಭಾರವನ್ನು ಕಂಡ ಲಕ್ಕಮ್ಮನವರು ಸಂತೋಷಪಡಲಿಲ್ಲ. ಇದು ಪತಿಯ ಮನಸ್ಸಿನಲ್ಲಿ ಹುಟ್ಟಿದ ಆಸೆಯೋ, ಬಸವಣ್ಣನವರ ಚಿತ್ತದಲ್ಲಿ ಹುಟ್ಟಿದ ಸಂಶಯವೋ ಎಂದು ವಿಚಾರಿಸಿದರು. ಆಸೆಯು ರಾಜ್ಯವಾಳುವವರಿಗೆ ತಕ್ಕದ್ದಾದೀತು, ಭಕ್ತನಿಗೆ ತಕ್ಕದ್ದಲ್ಲವೆಂದು ತಿಳಿಯಹೇಳಿ, ನಿತ್ಯದ ಅಳತೆಗೆ ಮೀರಿದ್ದನ್ನು ತಂದ ಸ್ಥಳದಲ್ಲಿಯೇ ಸುರಿದು ಬರಬೇಕೆಂದರು. ಮಾರಯ್ಯನವರು ಮರುಮಾತಾಡದೆ ಹಾಗೆಯೇ ಮಾಡಿದರು.

ಇಲ್ಲಿ ತಪ್ಪು ಯಾವದೆಂದು ವಿಚಾರಿಸುವದು ಅವಶ್ಯವು. ಅಕ್ಕಿಯು ಕದ್ದದ್ದಲ್ಲ, ಅದನ್ನು ಜಂಗಮದಾಸೋಹಕ್ಕೇ ತಂದದ್ದು. ನಾಳಿನ ಅತಿಥಿಗಳಿಗೆ ಆದೀತೆಂದು ಸಮಾಧಾನ ಹೇಳಿಕೊಳ್ಳುವದಕ್ಕೂ ಆಸ್ಪದವಿತ್ತು. ಅಪರಿಮಿತ ಸಂಗ್ರಹಕ್ಕೆ ಲೋಕವು ಯಾವಾಗಲೂ ಇಂಥ ಒಳ್ಳೆಯ ಕಾರಣಗಳನ್ನೇ ಕೊಡುತ್ತದೆ. ಲಕ್ಕಮ್ಮನವರು ನೋಡಿದ್ದು ಕಾರಣವನ್ನಲ್ಲ, ಅಳತೆಯನ್ನು. ಒಂದು ದಿನ ಅಳತೆ ಮೀರಿದರೆ ಮರುದಿನ ಮೀರಿದ್ದೇ ಅಳತೆಯಾಗುವದು. ಕಾಯಕವು ಮೆಲ್ಲನೆ ಗಳಿಕೆಯಾಗಿ, ದಾಸೋಹವು ಮೆಲ್ಲನೆ ಪ್ರತಿಷ್ಠೆಯಾಗಿ ಮಾರ್ಪಡುವದು. ಮಹಾಮನೆಯ ಒಡೆಯರಾದ ಬಸವಣ್ಣನವರ ಔದಾರ್ಯದಿಂದಲೇ ಆ ಹೆಚ್ಚಳವು ಬಂದಿದ್ದರೂ ಅದು ಗ್ರಾಹ್ಯವಲ್ಲವೆಂದು ತೀರ್ಮಾನಿಸಿದ್ದು ಆ ತಾಯಿಯ ಧೈರ್ಯವು. ತತ್ತ್ವವನ್ನು ಕಲಿಸಿದ ಮಹಾನುಭಾವರನ್ನೂ ಅದೇ ತತ್ತ್ವದ ಒರೆಗಲ್ಲಿಗೆ ಹಚ್ಚಿದ್ದು ಇಲ್ಲಿಯ ವಿಶೇಷವು. ಹಾಗೆ ಹಚ್ಚಿದವರು ಒಬ್ಬ ಬಡ ಹೆಣ್ಣುಮಗಳು. ಅದಕ್ಕೆ ತಲೆಬಾಗಿದವರು ಅವರ ಪತಿಯು. ಸ್ತ್ರೀಗೆ ಶಾಸ್ತ್ರಾಧಿಕಾರವಿಲ್ಲವೆನ್ನುತ್ತಿದ್ದ ಕಾಲದಲ್ಲಿ ಹೆಂಡತಿಯನ್ನು ಗುರುವಿನಂತೆ ಕೇಳಿ ನಡೆದ ಮಾರಯ್ಯನವರ ವಿನಯವು ಅವರ ಕಾಯಕಕ್ಕಿಂತ ಕಡಿಮೆಯಾದದ್ದಲ್ಲ.

ಮುಂದೆ ಈ ದಂಪತಿಗಳು ಬಸವಣ್ಣನವರನ್ನೂ ಅಸಂಖ್ಯಾತ ಶರಣರನ್ನೂ ತಮ್ಮ ಗುಡಿಸಲಿಗೆ ಪ್ರಸಾದಕ್ಕೆ ಬಿಜಯಂಗೈಸಿಕೊಂಡರೆಂದೂ, ನಿತ್ಯದ ಅಲ್ಪ ಅಕ್ಕಿಯಿಂದಲೇ ಸರ್ವರೂ ತೃಪ್ತರಾದರೆಂದೂ ಪರಂಪರೆಯು ಹೇಳುತ್ತದೆ. ಭಕ್ತರು ಇದನ್ನು ಪವಾಡವೆಂದು ನಂಬುವರು. ಲಕ್ಕಮ್ಮನವರ ವಚನಗಳ ಆಶಯದಿಂದ ನೋಡಿದರೂ ಇದರ ಅರ್ಥವು ಸ್ಪಷ್ಟವಾಗಿದೆ. ಹಣವಿಲ್ಲದ್ದು ಬಡತನವಲ್ಲ, ಮನಸ್ಸು ಶುದ್ಧವಿಲ್ಲದ್ದೇ ಬಡತನವೆಂದೂ, ನಿರ್ಮಲವಾದ ಚಿತ್ತದಿಂದ ದುಡಿಯುವವನಿಗೆ ಐಶ್ವರ್ಯವು ಹಿಂಬಾಲಿಸಿ ಬರುವದೆಂದೂ ಅವರು ತಿಳಿದಿದ್ದರು.

ಒಮ್ಮೆ ಮಾರಯ್ಯನವರಿಗೆ ಇಷ್ಟು ಸೇವೆಯ ಫಲವಾಗಿ ಕೈಲಾಸವನ್ನು ಸೇರುವ ಬಯಕೆಯು ಮೂಡಿತು. ಆಗಲೂ ತಿದ್ದಿದವರು ಲಕ್ಕಮ್ಮನವರೇ. ಕೈಲಾಸವು ದುಡಿದವನಿಗೆ ಸಂಜೆಗೆ ಎಣಿಸಿ ಕೊಡುವ ಕೂಲಿಯಲ್ಲವೆಂದೂ, ಮನಸ್ಸು ನೆಲೆಗೊಂಡಲ್ಲಿಯೇ ಅದು ಇದೆಯೆಂದೂ ತಿಳಿಸಿದರು. ಕಾಯಕವನ್ನು ಕೈಲಾಸಕ್ಕೆ ಸಮನಾಗಿಸಿದ ನುಡಿಯು ಇಂದು ಬಾಲಕರ ಬಾಯಲ್ಲಿಯೂ ಇದೆ. ಬಹು ಜನರು ಅದನ್ನು ಬಸವಣ್ಣನವರದೆಂದು ತಿಳಿದಿರುವರು. ಆದರೆ ಅದು ದೊರೆಯುವದು ಈ ಮಾರಯ್ಯನವರ ವಚನದಲ್ಲಿ. ಕೆಲಸದಲ್ಲಿ ತೊಡಗಿದವನು ಗುರು ಎದುರಾದರೂ, ಪೂಜೆಯ ಹೊತ್ತಾದರೂ, ಜಂಗಮನೇ ಬಂದು ನಿಂತರೂ ಕೆಲಸವನ್ನು ಬಿಡಲಾಗದೆಂಬುದು ಆ ವಚನದ ತಾತ್ಪರ್ಯವು. ದೇವರಿಗೂ ಕಾಯಕವು ತಪ್ಪದೆಂಬುದು ಅದರ ಕೊನೆಯ ಮಾತು. ಮಂಟಪದಲ್ಲಿ ಕುಳಿತು ಕಾಯಕವನ್ನು ಮರೆತಿದ್ದ ಶರಣರೇ ಈ ಮಾತಿಗೆ ಒಡೆಯರೆಂಬುದನ್ನು ನೆನೆದರೆ ಅದರ ತೂಕವು ಇಮ್ಮಡಿಯಾಗುವದು.

ಕಲ್ಯಾಣದಲ್ಲಿ ಇಂಥ ಪರೀಕ್ಷೆಗಳು ಮನೆಮನೆಯಲ್ಲಿ ನಡೆದವು. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುತ್ತಿದ್ದ ನುಲಿಯ ಚಂದಯ್ಯನವರು ಕಾಯಕದ ಮುಂದೆ ಲಿಂಗಕ್ಕೂ ರಿಯಾಯಿತಿ ಕೊಡಲಿಲ್ಲವೆಂಬ ಕಥೆಯು ಪ್ರಸಿದ್ಧವು. ಮೋಳಿಗೆ ಮಾರಯ್ಯನವರು ಸೌದೆಯ ಹೊರೆ ಹೊತ್ತು ದಾಸೋಹ ನಡೆಸಿದರು. ಏಳು ಶತಮಾನಗಳ ತರುವಾಯ, 1904ರಲ್ಲಿ, ಮಹಾತ್ಮಾ ಗಾಂಧಿಯವರು ದಕ್ಷಿಣ ಆಫ್ರಿಕದಲ್ಲಿ ರಸ್ಕಿನ್ನನ ಗ್ರಂಥವನ್ನು ಓದಿ, ವಕೀಲನ ದುಡಿಮೆಗೂ ಕ್ಷೌರಿಕನ ದುಡಿಮೆಗೂ ಬೆಲೆಯು ಒಂದೇ ಎಂಬುದನ್ನು ಅಲ್ಲಿ ಕಂಡು, ಕೂಡಲೆ ಫೀನಿಕ್ಸ್ ಎಂಬಲ್ಲಿ ದುಡಿದು ಉಣ್ಣುವವರ ನೆಲೆಯನ್ನು ಸ್ಥಾಪಿಸಿದರು. ಓದಿದ್ದನ್ನು ತಡಮಾಡದೆ ಬಾಳಿಗೆ ತಂದ ಆ ರೀತಿಯು ಶರಣರ ರೀತಿಯೇ.

1167ರ ಸುಮಾರಿಗೆ ಕಲ್ಯಾಣದಲ್ಲಿ ಕ್ರಾಂತಿಯಾಗಿ ಶರಣರು ದಿಕ್ಕುದಿಕ್ಕಿಗೆ ಚದರಿದರು. ಮಹಾಮನೆಯ ಅಂಗಳವು ಬರಿದಾಯಿತು. ಆದರೆ ಮಾರಯ್ಯನವರ ಸುಮಾರು 32 ಮತ್ತು ಲಕ್ಕಮ್ಮನವರ ಸುಮಾರು 25 ವಚನಗಳು ತಾಳೆಯೋಲೆಗಳಲ್ಲಿ ಉಳಿದುಬಂದವು. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲಾದವರು ಶರಣರ ಸಂವಾದಗಳನ್ನು ಶೂನ್ಯಸಂಪಾದನೆಯಾಗಿ ಸಂಕಲಿಸಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದ ವಿಜಾಪುರದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರಂಥವರ ಶ್ರಮದಿಂದ ವಚನಗಳು ಅಚ್ಚಿನ ಮುಖವನ್ನು ಕಂಡವು. ಹಳಕಟ್ಟಿಯವರು ಮನೆಮನೆಯಲ್ಲಿ ಮೂಲೆ ಸೇರಿದ್ದ ಓಲೆಗಳನ್ನು ಹುಡುಕಿ ತಂದದ್ದೂ ಒಂದು ಬಗೆಯ ಆಯ್ದಕ್ಕಿಯ ಕಾಯಕವೇ ಸರಿ.

ಇಂದು ಎಡೆದೊರೆ ನಾಡಿನ ಸ್ಥಿತಿಯು ಬದಲಾಗಿದೆ. ನಾರಾಯಣಪುರದಲ್ಲಿ ಕೃಷ್ಣೆಗೆ ಕಟ್ಟಿದ ಬಸವಸಾಗರದ ಬಲದಂಡೆಯ ಕಾಲುವೆಯಿಂದ ದೇವದುರ್ಗದ ಕಡೆಯ ಹೊಲಗಳಿಗೆ ನೀರು ಬಂದು, ಜೋಳದ ನೆಲದಲ್ಲಿ ಭತ್ತವು ಬೆಳೆಯುತ್ತಿದೆ. ಅಕ್ಕಿಯು ಈಗ ಅಪರೂಪವಲ್ಲ. ಆದರೂ ನೀರು ಮುಟ್ಟದ ಹಳ್ಳಿಗಳಿಂದ ಕೂಲಿಯವರು ಸಂಸಾರಸಮೇತ ಬೆಂಗಳೂರು ಹೈದರಾಬಾದುಗಳ ಕಡೆಗೆ ಗುಳೆ ಹೋಗುವದು ನಿಂತಿಲ್ಲ. ಮಾರಯ್ಯ ಲಕ್ಕಮ್ಮನವರೂ ಒಂದು ಕಾಲಕ್ಕೆ ಗಂಟು ಹೊತ್ತು ದೂರದ ಪಟ್ಟಣಕ್ಕೆ ನಡೆದವರೇ ಎಂಬುದನ್ನು ಮರೆಯಲಾಗದು. ಅವರಿಗೆ ಕಲ್ಯಾಣದಲ್ಲಿ ದುಡಿಮೆಯೊಡನೆ ಗೌರವವೂ ದೊರಕಿತು. ಮಹಾಮನೆಯ ಒಡೆಯರು ಅವರ ಗುಡಿಸಲಿನಲ್ಲಿ ಉಂಡರು. ಗುಳೆ ಹೋದವನ ಕೂಲಿಯನ್ನು ಮುರಿಯುವ ಗುತ್ತಿಗೆದಾರನೂ, ಅಳತೆಯಲ್ಲಿ ಕೈಯಾಡಿಸುವ ವರ್ತಕನೂ, ಲಂಚಕ್ಕೆ ಕಾಗದವನ್ನು ತಡೆಯುವ ಅಧಿಕಾರಿಯೂ, ಪಾಠವನ್ನು ಬಿಟ್ಟು ಸಭೆಗಳಲ್ಲಿ ಕಾಲಕಳೆಯುವ ಉಪಾಧ್ಯಾಯನೂ ಹಣೆಯಲ್ಲಿ ವಿಭೂತಿಯನ್ನು ಧರಿಸಿ ಕಾಯಕವನ್ನು ಕೊಂಡಾಡಬಹುದು. ಲಕ್ಕಮ್ಮನವರ ಎರಡು ಪ್ರಶ್ನೆಗಳಿಗೆ ಮಾತ್ರ ಅವರು ಉತ್ತರ ಕೊಡಲಾರರು: ಇಂದಿನ ಕೆಲಸವು ನಡೆಯಿತೇ, ತಂದದ್ದು ಅಳತೆಗೆ ಸರಿಯಾಗಿದೆಯೇ.

ಮಠಮಾನ್ಯಗಳಿಗೂ ಈ ಪ್ರಶ್ನೆಗಳು ತಪ್ಪಿದ್ದಲ್ಲ. ದಾಸೋಹದ ಕಣಜಕ್ಕೆ ಬರುವ ಪ್ರತಿಯೊಂದು ಸೇರು ಧಾನ್ಯದ ಹಿಂದೆ ಯಾರದೋ ಬೆವರಿರುತ್ತದೆ. ಅದು ಬಂದವನ ಶುದ್ಧವಾದ ದುಡಿಮೆಯಿಂದ ಬಂದದ್ದಾದರೆ ಒಂದು ಹಿಡಿಯೂ ಸಾವಿರ ಜನರಿಗೆ ಸಾಲುವದು. ಬೇರೊಬ್ಬನ ಪಾಲನ್ನು ಕಸಿದು ತಂದದ್ದಾದರೆ ಗಾಡಿಗಟ್ಟಲೆ ಬಂದರೂ ಅದು ಮಹಾಮನೆಯ ಅಂಗಳಕ್ಕೆ ಹಿಂದಿರುಗತಕ್ಕ ಅಕ್ಕಿಯೇ. ಜಾತ್ರೆಯ ಪಂಕ್ತಿಯಲ್ಲಿ ಕುಳಿತ ಭಕ್ತನು ಎಲೆಯಲ್ಲಿ ಅನ್ನವನ್ನು ಬಿಡದೆ ಏಳುವದೂ, ದಾಸೋಹದ ಮನೆಯಲ್ಲಿ ಚೆಲ್ಲಿದ ಕಾಳನ್ನು ಸೇವಕನು ಬಾಗಿ ಎತ್ತುವದೂ ಸಣ್ಣ ಕೆಲಸಗಳಾಗಿ ತೋರಬಹುದು. ಮಾರಯ್ಯನವರು ಶರಣರಾದದ್ದು ಇಂಥ ಸಣ್ಣ ಕೆಲಸದಿಂದಲೇ.