ಅಧಿಕಾರವೆಂಬ ಕಾಯಕ: ಎಸ್. ನಿಜಲಿಂಗಪ್ಪನವರ ರಾಜಕೀಯ ಜೀವನ

ಶರಣಧರ್ಮವು ಸತ್ಯಶುದ್ಧವಾದ ಯಾವ ಉದ್ಯೋಗವನ್ನೂ ಕೀಳೆಂದು ಎಣಿಸಲಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಂಬಿಗನೂ ಮಡಿವಾಳನೂ ನೇಕಾರನೂ ತಮ್ಮ ತಮ್ಮ ಕಾಯಕದಲ್ಲಿಯೇ ಶಿವನನ್ನು ಕಂಡರು. ರಾಜಭಂಡಾರದ ಹೊಣೆ ಹೊತ್ತ ಬಸವಣ್ಣನವರು ಆ ಪದವಿಯನ್ನೂ ಕಾಯಕವೆಂದೇ ಬಗೆದರು. ಆದರೆ ಅಧಿಕಾರದ ಕಾಯಕವು ಉಳಿದವುಗಳಿಗಿಂತ ಕಠಿಣವಾದುದು. ನೇಕಾರನು ನೇಯ್ದ ಬಟ್ಟೆ ಸಂಜೆಗೆ ಕಣ್ಣಿಗೆ ಕಾಣುತ್ತದೆ. ಅದರ ಕೊರತೆಯೂ ಅಲ್ಲಿಯೇ ಕಾಣುತ್ತದೆ. ಅಧಿಕಾರದಲ್ಲಿರುವವನು ನೇಯುವ ಬಟ್ಟೆಯಾದರೋ ತಲೆಮಾರುಗಳ ಬಳಿಕ ಕಾಣತಕ್ಕದ್ದು. ಅದರ ನಡುವೆ ಸ್ತುತಿಯೂ ನಿಂದೆಯೂ ಬಂದು ದೃಷ್ಟಿಯನ್ನು ಮಬ್ಬುಗೊಳಿಸುತ್ತವೆ. ಆದುದರಿಂದ ಆಳಿದವರ ಜೀವನವನ್ನು ಅಳೆಯಲು ಶರಣರ ದಾರಿಯನ್ನು ಬಲ್ಲವರು ಮೂರು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ: ಪದವಿಯು ಹೇಗೆ ಬಂದಿತು, ಅದು ಇದ್ದಾಗ ಏನು ನಡೆಯಿತು, ಅದು ಹೋದಾಗ ಮನುಷ್ಯನಲ್ಲಿ ಏನು ಉಳಿಯಿತು. ಸಂವಿಧಾನ ಸಭೆಯಲ್ಲಿಯೂ ಲೋಕಸಭೆಯಲ್ಲಿಯೂ ಕುಳಿತು, ಏಕೀಕೃತ ಕನ್ನಡ ನಾಡಿನ ಮೊದಲ ಮುಖ್ಯಮಂತ್ರಿಗಳಾಗಿ, ಕಡೆಗೆ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷಪೀಠವನ್ನೂ ಏರಿದ ಎಸ್. ನಿಜಲಿಂಗಪ್ಪನವರ ಜೀವನವು ಈ ಮೂರು ಪ್ರಶ್ನೆಗಳಿಗೂ ಉತ್ತರ ಕೊಡುವಂತಹುದು.

ನಿಜಲಿಂಗಪ್ಪನವರು 1902ರ ಡಿಸೆಂಬರ್ 10ರಂದು ಅಂದಿನ ಬಳ್ಳಾರಿ ಜಿಲ್ಲೆಗೆ ಸೇರಿದ ಹರಪನಹಳ್ಳಿ ಸೀಮೆಯ ಹಲುವಾಗಲಿನಲ್ಲಿ ಲಿಂಗಾಯತ ಮನೆತನವೊಂದರಲ್ಲಿ ಜನಿಸಿದರು. ಎಳೆವಯಸ್ಸಿನಲ್ಲಿಯೇ ತಂದೆಯವರನ್ನು ಕಳೆದುಕೊಂಡ ಅವರ ವಿದ್ಯಾಭ್ಯಾಸವು ದಾವಣಗೆರೆ ಮತ್ತು ಚಿತ್ರದುರ್ಗಗಳಲ್ಲಿ ಸಾಗಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1924ರಲ್ಲಿ ಬಿ.ಎ. ಪದವಿಯವರೆಗೂ, ಪುಣೆಯಲ್ಲಿ 1926ರಲ್ಲಿ ಕಾನೂನು ಪದವಿಯವರೆಗೂ ಮುಟ್ಟಿತು. ಅನಂತರ ಚಿತ್ರದುರ್ಗವನ್ನೇ ನೆಲೆಯಾಗಿ ಮಾಡಿಕೊಂಡು ವಕೀಲಿ ವೃತ್ತಿಯನ್ನು ಆರಂಭಿಸಿದರು.

ಅವರು ಪದವಿ ಪಡೆದ ಆ 1924ನೆಯ ವರ್ಷವೇ ಬೆಳಗಾವಿಯ ಚರಿತ್ರೆಯಲ್ಲಿಯೂ ಮರೆಯಲಾಗದ ವರ್ಷ. ಮಹಾತ್ಮಾ ಗಾಂಧಿಯವರು ಅಧ್ಯಕ್ಷರಾಗಿ ನಡೆಸಿಕೊಟ್ಟ ಏಕೈಕ ಕಾಂಗ್ರೆಸ್ ಅಧಿವೇಶನವು ಅಂದು ಈ ನಗರದಲ್ಲಿಯೇ ಜರುಗಿತು. ಅದರ ಜೊತೆಯಲ್ಲಿಯೇ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲನೆಯ ಕರ್ನಾಟಕ ಏಕೀಕರಣ ಪರಿಷತ್ತೂ ಸೇರಿತು. ಸ್ವರಾಜ್ಯ ಮತ್ತು ಏಕೀಕರಣಗಳೆಂಬ ಎರಡು ಸಂಕಲ್ಪಗಳು ಹೀಗೆ ಒಂದೇ ನೆಲದಲ್ಲಿ ಒಂದೇ ಕಾಲಕ್ಕೆ ಬಿತ್ತಲ್ಪಟ್ಟವು. ನಿಜಲಿಂಗಪ್ಪನವರ ಮುಂದಿನ ಜೀವನವೆಲ್ಲವೂ ಈ ಎರಡು ಬೆಳೆಗಳ ಸಾಗುವಳಿಯೇ ಆಯಿತು ಎಂದರೆ ತಪ್ಪಾಗದು.

ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಚಳವಳಿಯು ಬಲಗೊಂಡಾಗ ಅವರು ಪೂರ್ಣವಾಗಿ ಅದರಲ್ಲಿ ಇಳಿದರು. 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಸತ್ಯಾಗ್ರಹವು ನಡೆಯಿತು. ಹೆಂಡದ ಮೂಲವಾದ ಈಚಲು ಮರಗಳನ್ನು ಕಡಿದು ಸೆರೆಮನೆಗೆ ನಡೆದ ಜನರ ಮುಂದಾಳುಗಳಲ್ಲಿ ಅವರೂ ಒಬ್ಬರಾಗಿ ಶಿಕ್ಷೆ ಅನುಭವಿಸಿದರು. 1942ರ ಚಳವಳಿಯಲ್ಲಿಯೂ ಸೆರೆವಾಸವು ತಪ್ಪಲಿಲ್ಲ. ಹೀಗೆ ಮೊದಲನೆಯ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಪದವಿಯು ಅವರನ್ನು ಅರಸಿ ಬರುವ ಮುನ್ನ ಸೆರೆಮನೆಯು ಬಂದಿತ್ತು. ಕೊಳ್ಳುವ ಮುನ್ನ ಕೊಡುವ ಅಭ್ಯಾಸವಾಗಿತ್ತು.

1946ರಲ್ಲಿ ರಚನೆಯಾದ ಸಂವಿಧಾನ ಸಭೆಗೆ ಅವರು ಮುಂಬಯಿ ಪ್ರಾಂತದ ಪ್ರತಿನಿಧಿಯಾಗಿ ಹೋದರು. ಚಿತ್ರದುರ್ಗದ ವಕೀಲರೊಬ್ಬರು ಮುಂಬಯಿ ಪ್ರಾಂತದ ಹೆಸರಿನಲ್ಲಿ ದೆಹಲಿಗೆ ಹೋಗಬೇಕಾದುದೇ ಅಂದಿನ ಕನ್ನಡ ನಾಡಿನ ಸ್ಥಿತಿಯನ್ನು ಹೇಳುತ್ತದೆ. ಬೆಳಗಾವಿ, ಧಾರವಾಡ, ಬಿಜಾಪುರ ಮತ್ತು ಉತ್ತರ ಕನ್ನಡಗಳು ಮುಂಬಯಿಗೂ, ಕಲಬುರ್ಗಿ, ರಾಯಚೂರು, ಬೀದರಗಳು ಹೈದರಾಬಾದಿಗೂ, ದಕ್ಷಿಣ ಕನ್ನಡ ಮತ್ತು ಬಳ್ಳಾರಿಗಳು ಮದರಾಸಿಗೂ ಸೇರಿದ್ದವು; ಕೊಡಗು ಬೇರೆಯಾಗಿತ್ತು, ಮೈಸೂರು ಬೇರೆಯಾಗಿತ್ತು. ಸರ್ಕಾರಗಳು ಹರಿದು ಹಂಚಿದ್ದ ನಾಡನ್ನು ಕಾಂಗ್ರೆಸ್ ಸಂಸ್ಥೆಯು ಮಾತ್ರ ಕರ್ನಾಟಕ ಪ್ರದೇಶವೆಂಬ ಒಂದೇ ಹೆಸರಿನಿಂದ ಕರೆಯುತ್ತಿತ್ತು. ಆ ಪ್ರದೇಶ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ನಿಜಲಿಂಗಪ್ಪನವರು ವರ್ಷಗಳ ಕಾಲ ದುಡಿದರು. 1952ರ ಮೊದಲ ಮಹಾಚುನಾವಣೆಯಲ್ಲಿ ಚಿತ್ರದುರ್ಗ ಕ್ಷೇತ್ರದಿಂದ ಗೆದ್ದು ಲೋಕಸಭೆಯನ್ನು ಪ್ರವೇಶಿಸಿದರು.

ಆ ದಿನಗಳು ಸುಖದ ದಿನಗಳಾಗಿರಲಿಲ್ಲ. ಭಾಷಾವಾರು ಪ್ರಾಂತಗಳ ವಿಷಯದಲ್ಲಿ ಕೇಂದ್ರದ ಹಿರಿಯರು ಹಿಂದೆಗೆಯುತ್ತಿದ್ದರು. ಇತ್ತ ಜನರ ತಾಳ್ಮೆ ಮುಗಿಯುತ್ತಿತ್ತು. 1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಉಪವಾಸ ಕುಳಿತಾಗ ಹುಬ್ಬಳ್ಳಿಯಲ್ಲಿ ಜನಸಮೂಹವು ಉದ್ರಿಕ್ತವಾಗಿ, ನಿಧಾನಿಸುತ್ತಿದ್ದ ಕಾಂಗ್ರೆಸ್ ಮುಖಂಡರ ಮೇಲೆಯೇ ತಿರುಗಿಬಿತ್ತು. ದೆಹಲಿಯಲ್ಲಿ ಪ್ರಾಂತಾಭಿಮಾನಿ ಎನಿಸಿಕೊಂಡು, ಊರಿನಲ್ಲಿ ಅಂಜುಬುರುಕ ಎನಿಸಿಕೊಳ್ಳುವ ಇಕ್ಕಟ್ಟಿನಲ್ಲಿ ಅಂದಿನ ಕನ್ನಡ ಮುಖಂಡರೆಲ್ಲರೂ ಸಿಲುಕಿದ್ದರು. ಅದೇ ವರ್ಷದ ಕೊನೆಗೆ ಫಜಲ್ ಅಲಿಯವರ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗವು ನೇಮಕವಾಯಿತು. 1955ರಲ್ಲಿ ಅದರ ವರದಿಯು ಹೊರಬಂದಿತು. 1956ರಲ್ಲಿ ಪಾರ್ಲಿಮೆಂಟು ಕಾಯಿದೆಯನ್ನು ಮಾಡಿತು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯವು ಉದಯವಾದಾಗ ಅದರ ಮೊದಲ ಮುಖ್ಯಮಂತ್ರಿಯ ಹೊಣೆಯು ನಿಜಲಿಂಗಪ್ಪನವರ ಹೆಗಲಿಗೆ ಬಂದಿತು.

ಹೊಣೆ ಎಂಬ ಮಾತನ್ನು ಇಲ್ಲಿ ಅಲಂಕಾರಕ್ಕಾಗಿ ಬಳಸಿದುದಲ್ಲ. ಐದು ಆಡಳಿತಗಳಿಂದ ಬಂದ ನೌಕರರು, ಐದು ಬಗೆಯ ಕಂದಾಯದ ಕಟ್ಟಳೆಗಳು, ಐದು ಬಗೆಯ ಶಾಲಾ ಪದ್ಧತಿಗಳು ಒಂದಾಗಬೇಕಾಗಿದ್ದವು. ಹಳೆಯ ಮೈಸೂರಿನವರಲ್ಲಿ ಅನೇಕರಿಗೆ ಏಕೀಕರಣದ ಬಗ್ಗೆ ಶಂಕೆ ಇತ್ತು. ಉತ್ತರದ ಜಿಲ್ಲೆಗಳು ಸೇರಿದರೆ ಲಿಂಗಾಯತರ ಪ್ರಾಬಲ್ಯವಾದೀತು ಎಂಬ ಭಯವನ್ನು ಕೆಲವರು ಬಾಯಿಬಿಟ್ಟೇ ಆಡಿದ್ದರು. ನಿಜಲಿಂಗಪ್ಪನವರ ಸರ್ಕಾರಗಳ ಕಾಲದಲ್ಲಿಯೂ ಈ ಆಕ್ಷೇಪವು ಪೂರ್ಣವಾಗಿ ಅಡಗಲಿಲ್ಲ. ಈ ಸಂಗತಿಯನ್ನು ಸದ್ಭಕ್ತರು ಮುಚ್ಚಿಡಬೇಕಾಗಿಲ್ಲ. ಕುಲವನ್ನು ಅರಸದೆ ಆಚಾರವನ್ನು ಅರಸಿದ ಶರಣರ ಹೆಸರು ಹೇಳುವವರ ಕೈಗೆ ಅಧಿಕಾರ ಬಂದಾಗ ಜಗತ್ತು ಅವರನ್ನು ಉಳಿದವರಿಗಿಂತ ಕಟ್ಟುನಿಟ್ಟಾಗಿ ಪರೀಕ್ಷಿಸುವುದು ನ್ಯಾಯವೇ ಆಗಿದೆ.

ಪದವಿಯ ಅಸ್ಥಿರತೆಯ ಅನುಭವವು ಅವರಿಗೆ ಬೇಗನೆ ಆಯಿತು. ಪಕ್ಷದೊಳಗಿನ ಭಿನ್ನಮತದಿಂದ 1958ರ ಮೇ ತಿಂಗಳಲ್ಲಿ ಅವರು ಅಧಿಕಾರ ಬಿಟ್ಟರು. ಜಮಖಂಡಿ ಸೀಮೆಯ ಬಿ.ಡಿ. ಜತ್ತಿಯವರು ಮುಖ್ಯಮಂತ್ರಿಗಳಾದರು. 1962ರ ಚುನಾವಣೆಯಲ್ಲಿ ಕಾಂಗ್ರೆಸ್ಸು ಗೆದ್ದಿತು; ಆದರೆ ನಿಜಲಿಂಗಪ್ಪನವರು ಸ್ವತಃ ಹೊಸದುರ್ಗದಲ್ಲಿ ಸೋತರು. ಆಗ ಬಿಜಾಪುರ ಜಿಲ್ಲೆಯವರೇ ಆದ ಎಸ್.ಆರ್. ಕಂಠಿಯವರು ಮಾರ್ಚ್ 14ರಂದು ಮುಖ್ಯಮಂತ್ರಿಯ ಸ್ಥಾನವನ್ನು ವಹಿಸಿಕೊಂಡರು. ಬಾಗಲಕೋಟೆಯ ಕ್ಷೇತ್ರವು ತೆರವಾಗಿ ನಿಜಲಿಂಗಪ್ಪನವರು ಅಲ್ಲಿಂದ ವಿಧಾನಸಭೆಗೆ ಬಂದೊಡನೆ, ಕಂಠಿಯವರು ಜೂನ್ 20ರಂದು ಯಾವ ಕರಾರೂ ಇಲ್ಲದೆ ಸ್ಥಾನವನ್ನು ಒಪ್ಪಿಸಿಬಿಟ್ಟರು. ರಾಮನ ಪಾದುಕೆಗಳನ್ನಿಟ್ಟು ರಾಜ್ಯವಾಳಿದ ಭರತನಿಗೆ ಜನರು ಅವರನ್ನು ಹೋಲಿಸಿದ್ದುಂಟು. ಸೋತ ಮುಖಂಡನಿಗೆ ಬೇರೊಂದು ದಾರಿಯಿಂದ ಪದವಿ ದೊರೆಯಬಹುದೆ ಎಂಬ ಪ್ರಶ್ನೆಯನ್ನು ಯಾರಾದರೂ ಎತ್ತಿದರೆ ಅದು ತಪ್ಪಲ್ಲ. ಆದರೆ ಆ ಪ್ರಸಂಗದಲ್ಲಿ ಹೆಚ್ಚಿನ ಕೀರ್ತಿಯು ಪಡೆದವರಿಗಿಂತ ಬಿಟ್ಟುಕೊಟ್ಟವರಿಗೆ ಸಲ್ಲುತ್ತದೆ ಎಂಬುದನ್ನು ಮರೆಯಬಾರದು.

ಎರಡನೆಯ ಅವಧಿಯು 1962ರ ಜೂನ್ 21ರಿಂದ 1968ರ ಮೇ 29ರವರೆಗೆ ನಡೆಯಿತು. ನಾಡಿಗೆ ನೀರೂ ಬೆಳಕೂ ಬಂದ ಕಾಲವದು. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿದು 1965ರಲ್ಲಿ ವಿದ್ಯುತ್ ಯೋಜನೆಯು ಕಾರ್ಯಾರಂಭ ಮಾಡಿತು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಯ ಅಡಿಗಲ್ಲನ್ನಿಟ್ಟರು. ಅದೇ ವರ್ಷ ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಹರಿಯುವ ಮಲಪ್ರಭೆಗೆ ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಅಣೆಕಟ್ಟಿನ ಕೆಲಸವು ನಡೆದುದೂ ಆ ದಶಕದಲ್ಲಿಯೇ. ಈ ಕೆಲಸಗಳಲ್ಲಿ ಹಲವನ್ನು ಆರಂಭಿಸಿದವರು ಬೇರೆ, ಮುಗಿಸಿದವರು ಬೇರೆ. ನಡುವೆ ನಿಂತು ನಡೆಯಿಸಿದವರ ಪಾಲು ಅದರಿಂದ ಕಿರಿದಾಗುವುದಿಲ್ಲ.

ಬೆಳಗಾವಿಯವರಿಗೆ ಎಲ್ಲಕ್ಕಿಂತ ಹತ್ತಿರವಾದ ಅಧ್ಯಾಯವೆಂದರೆ ಗಡಿಯ ಪ್ರಶ್ನೆ. ರಾಜ್ಯ ಪುನರ್ವಿಂಗಡಣೆಯಿಂದಲೇ ಈ ವಿಷಯವು ಮುಗಿಯಿತೆಂಬುದು ಮೈಸೂರು ರಾಜ್ಯದ ನಿಲುವಾಗಿತ್ತು. ಬೆಳಗಾವಿ ನಗರವೂ ಸುತ್ತಲಿನ ನೂರಾರು ಹಳ್ಳಿಗಳೂ ತನಗೆ ಬರಬೇಕೆಂಬುದು ಮಹಾರಾಷ್ಟ್ರದ ಬೇಡಿಕೆಯಾಗಿತ್ತು. 1966ರಲ್ಲಿ ಸೇನಾಪತಿ ಬಾಪಟರ ಉಪವಾಸದ ಬಳಿಕ ಕೇಂದ್ರ ಸರ್ಕಾರವು ಅಕ್ಟೋಬರ್ 25ರಂದು ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಾಧೀಶ ಮೆಹರ್‌ಚಂದ್ ಮಹಾಜನರ ಆಯೋಗವನ್ನು ನೇಮಿಸಿತು. ಮುಗಿದ ಮಾತನ್ನು ಮತ್ತೆ ತೆರೆಯುವುದು ನಿಜಲಿಂಗಪ್ಪನವರಿಗೆ ಹಿತವಾಗಿರಲಿಲ್ಲ. ಆದರೂ ಅವರು ಆಯೋಗಕ್ಕೆ ಒಪ್ಪಿದರು. ಒಪ್ಪಿದ ಮೇಲೆ ಅದರ ತೀರ್ಪಿಗೆ ತಲೆಬಾಗುವುದಾಗಿಯೂ ನಿಶ್ಚಯಿಸಿದರು.

1967ರ ಆಗಸ್ಟಿನಲ್ಲಿ ವರದಿಯು ಸಿದ್ಧವಾಯಿತು. ಬೆಳಗಾವಿ ನಗರವು ಮೈಸೂರು ರಾಜ್ಯದಲ್ಲಿಯೇ ಇರಬೇಕೆಂದು ಅದು ಹೇಳಿತು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ಸೀಮೆಗಳ ಕನ್ನಡ ಭಾಗಗಳೊಡನೆ ಒಟ್ಟು 247 ಹಳ್ಳಿಗಳು ಮೈಸೂರಿಗೂ, ಅತ್ತ ಕಾಸರಗೋಡಿನ ಚಂದ್ರಗಿರಿ ಹೊಳೆಯ ಉತ್ತರ ಭಾಗವೂ ಮೈಸೂರಿಗೆ ಸಲ್ಲಬೇಕೆಂದಿತು. ಆದರೆ ನಿಪ್ಪಾಣಿ, ಖಾನಾಪುರ ಮತ್ತು ನಂದಗಡಗಳನ್ನು ಒಳಗೊಂಡ 264 ಊರುಗಳನ್ನು ಮಹಾರಾಷ್ಟ್ರಕ್ಕೆ ಬಿಟ್ಟುಕೊಡಬೇಕೆಂದೂ ಹೇಳಿತು. ಕಿತ್ತೂರಿನ ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಸಂಗೊಳ್ಳಿ ರಾಯಣ್ಣನು 1831ರಲ್ಲಿ ನೇಣಿಗೇರಿ ಮಣ್ಣಾದ ನೆಲವೇ ನಂದಗಡ. ಆ ನೆಲವನ್ನು ಬಿಡುವುದೆಂದರೆ ಕನ್ನಡಿಗರ ಪಾಲಿಗೆ ಸಣ್ಣ ಮಾತಾಗಿರಲಿಲ್ಲ. ವರದಿಯಲ್ಲಿ ತಮಗೆ ಬಂದುದನ್ನು ಮಾತ್ರ ಹಿಡಿದು, ಕೊಡಬೇಕಾದುದನ್ನು ತಳ್ಳಿಹಾಕುವ ದಾರಿಯು ಮುಖ್ಯಮಂತ್ರಿಗೆ ಸುಲಭವಾಗಿತ್ತು, ಜನಪ್ರಿಯವೂ ಆಗಿರುತ್ತಿತ್ತು. ನಿಜಲಿಂಗಪ್ಪನವರು ವರದಿಯನ್ನು ಇಡಿಯಾಗಿ ಒಪ್ಪಿದರು. ಮಹಾರಾಷ್ಟ್ರವು ಅದನ್ನು ತಿರಸ್ಕರಿಸಿತು. ವರದಿಯು ಜಾರಿಗೆ ಬರಲಿಲ್ಲ. 2004ರಲ್ಲಿ ಮಹಾರಾಷ್ಟ್ರವು ಸುಪ್ರೀಂ ಕೋರ್ಟಿಗೆ ದಾವೆಯನ್ನು ಒಯ್ದಿತು. ಖಾನಾಪುರವೂ ನಂದಗಡವೂ ಕರ್ನಾಟಕದಲ್ಲಿಯೇ ಉಳಿದಿವೆ. ಆಡಿದ ಮಾತಿನಂತೆ ನಡೆದುದರಿಂದ ನಾಡಿಗೆ ನಷ್ಟವೇನೂ ಆಗಲಿಲ್ಲ. ನುಡಿಗೆ ನಡೆ ಸಾಕ್ಷಿಯಾದ ಗೌರವವು ಮಾತ್ರ ಲಭಿಸಿತು. ನುಡಿ ನಡೆಗಳ ಐಕ್ಯವನ್ನು ಶರಣರು ಎಲ್ಲಕ್ಕೂ ಮೇಲಾಗಿ ಎಣಿಸಿದರು. ಸಭೆಯಲ್ಲಿ ಅದನ್ನು ಹೊಗಳುವವರು ಬಹಳ. ತಮ್ಮ ಕೈಯಿಂದ ಏನಾದರೂ ಬಿಡಬೇಕಾಗಿ ಬಂದಾಗ ಅದನ್ನು ಉಳಿಸಿಕೊಳ್ಳುವವರು ವಿರಳ.

1968ರ ಆರಂಭದಲ್ಲಿ ಅವರು ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಮೇ ತಿಂಗಳಲ್ಲಿ ಮುಖ್ಯಮಂತ್ರಿಯ ಸ್ಥಾನವನ್ನು ವೀರೇಂದ್ರ ಪಾಟೀಲರಿಗೆ ಒಪ್ಪಿಸಿದರು. ಜೀವನದ ಅತ್ಯುಚ್ಚ ಪದವಿಯೇ ಅವರಿಗೆ ಅತ್ಯಂತ ಕಹಿಯಾದ ಪದವಿಯಾಯಿತು. 1969ರ ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ ಕಾಂಗ್ರೆಸ್ ಹಿರಿಯರು ರಾಷ್ಟ್ರಪತಿ ಸ್ಥಾನಕ್ಕೆ ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿದರು. ಪ್ರಧಾನಿ ಇಂದಿರಾ ಗಾಂಧಿಯವರ ಒಲವು ಬೇರೆ ಕಡೆಗಿತ್ತು. ರೆಡ್ಡಿಯವರ ಪರವಾಗಿ ಮತಗಳನ್ನು ಕೂಡಿಸಲು ನಿಜಲಿಂಗಪ್ಪನವರು ಜನಸಂಘ ಮತ್ತು ಸ್ವತಂತ್ರ ಪಕ್ಷಗಳವರೊಡನೆ ಮಾತುಕತೆ ನಡೆಸಿದರು. ಚುನಾವಣೆಯ ಲೆಕ್ಕದಲ್ಲಿ ಅದು ಸಹಜವಾಗಿ ಕಂಡಿರಬಹುದು. ಆದರೆ ವಿರೋಧಿಗಳ ಕೈಗೆ ಅದೇ ಆಯುಧವಾಯಿತು. ಆತ್ಮಸಾಕ್ಷಿಯ ಮತದ ಕರೆಯು ಹಬ್ಬಿ, ಆಗಸ್ಟಿನಲ್ಲಿ ವಿ.ವಿ. ಗಿರಿಯವರು ಗೆದ್ದರು. ನವೆಂಬರ್ 12ರಂದು ನಿಜಲಿಂಗಪ್ಪನವರ ಬಣವು ಪ್ರಧಾನಿಯವರನ್ನೇ ಪಕ್ಷದಿಂದ ಹೊರಹಾಕಿತು. ಹಳೆಯ ಕಾಂಗ್ರೆಸ್ಸು ಎರಡಾಗಿ ಸೀಳಿತು. 1971ರ ಚುನಾವಣೆಯಲ್ಲಿ ಮೈಸೂರು ರಾಜ್ಯದ ಲೋಕಸಭಾ ಸ್ಥಾನಗಳೆಲ್ಲವೂ ಇಂದಿರಾ ಗಾಂಧಿಯವರ ಪಕ್ಷದ ಪಾಲಾದವು. ವೀರೇಂದ್ರ ಪಾಟೀಲರ ಸರ್ಕಾರವೂ ಉರುಳಿತು.

ಈ ಸೋಲಿನಲ್ಲಿ ಒಂದು ಪಾಠವಿದೆ. ಹಂಚಿಹೋದ ನಾಡನ್ನು ಕೂಡಿಸಲು ತಾಳ್ಮೆಯನ್ನು ತೋರಿದವರು ಒಂದಾಗಿದ್ದ ಪಕ್ಷವನ್ನು ಉಳಿಸಿಕೊಳ್ಳಲಾರದೆ ಹೋದರು. ಗಡಿಯ ವಿಷಯದಲ್ಲಿ ಮೂರನೆಯವರ ತೀರ್ಪಿಗೆ ತಲೆಬಾಗಿದವರು ಪಕ್ಷದ ಕಲಹದಲ್ಲಿ ಬಾಗಲಿಲ್ಲ, ಎದುರಿನವರೂ ಬಾಗಲಿಲ್ಲ. ನಾಡಿನ ಕೆಲಸದಲ್ಲಿ ನಾನು ಎಂಬುದು ಹಿಂದೆ ಸರಿಯುತ್ತದೆ. ಪದವಿಗಳ ಹೋರಾಟದಲ್ಲಿ ಅದು ಎಷ್ಟು ಸಜ್ಜನರಲ್ಲಿಯೂ ಮುಂದೆ ಬರುತ್ತದೆ. ಶರಣರು ಅಹಂಕಾರವನ್ನು ಭಕ್ತಿಯ ಮೊದಲ ವೈರಿಯೆಂದು ಸಾರಿದುದು ಅರಮನೆಯನ್ನು ಹತ್ತಿರದಿಂದ ಕಂಡ ಮೇಲೆಯೇ.

ಮೂರನೆಯ ಪ್ರಶ್ನೆಗೆ ಉತ್ತರವು ಅವರ ಕೊನೆಯ ಮೂರು ದಶಕಗಳಲ್ಲಿದೆ. ಅವರು ಮತ್ತೆ ಪದವಿಯನ್ನು ಅರಸಿ ಹೋಗಲಿಲ್ಲ. ಚಿತ್ರದುರ್ಗದ ತಮ್ಮ ಮನೆಯೇ ಅವರಿಗೆ ಸಾಕಾಯಿತು. ವರ್ಷಗಳಿಂದ ಬರೆದಿಟ್ಟ ದಿನಚರಿಯ ಪುಟಗಳೂ ಇಂಗ್ಲಿಷಿನಲ್ಲಿ ಬರೆದ ಆತ್ಮಕಥೆಯೂ ಅವರ ಕಾಲದ ಸಾಕ್ಷಿಗಳಾಗಿ ಉಳಿದವು. 2000ದ ಆಗಸ್ಟ್ 8ರಂದು, ತೊಂಬತ್ತೇಳು ವರ್ಷಗಳ ತುಂಬು ಜೀವನವನ್ನು ಮುಗಿಸಿ ಅವರು ಲಿಂಗೈಕ್ಯರಾದರು. ಚಿತ್ರದುರ್ಗದ ಬಳಿ ಸೀಬಾರದಲ್ಲಿ ಅವರ ಸ್ಮಾರಕವಿದೆ. ಬಾಗಲಕೋಟೆಯ ವೈದ್ಯಕೀಯ ಕಾಲೇಜೂ ಬೆಳಗಾವಿಯ ಸಕ್ಕರೆ ಸಂಸ್ಥೆಯೂ ಅವರ ಹೆಸರನ್ನು ಹೊತ್ತಿವೆ.

ನಾಗನೂರು ರುದ್ರಾಕ್ಷಿಮಠದ ಪೂಜ್ಯ ಶಿವಬಸವ ಸ್ವಾಮಿಗಳ ಪುಣ್ಯನಾಮವನ್ನು ಧರಿಸಿದ ಶಿವಬಸವ ನಗರದಲ್ಲಿ ಬಡವರ ಮಕ್ಕಳು ಮಠದ ಪ್ರಸಾದವನ್ನುಂಡು ಕನ್ನಡದಲ್ಲಿ ವಿದ್ಯೆ ಕಲಿತರು. ಗಡಿಯ ಈ ನೆಲದಲ್ಲಿ ಕನ್ನಡವು ಉಳಿದುದಕ್ಕೆ ದೆಹಲಿ ಬೆಂಗಳೂರುಗಳ ಕಡತಗಳೆಷ್ಟು ಕಾರಣವೋ, ಮಠಗಳ ದಾಸೋಹವೂ ಗೃಹಸ್ಥರು ಕೊಟ್ಟ ಹಿಡಿ ಜೋಳವೂ ಅಷ್ಟೇ ಕಾರಣ. 2012ರಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧವು ಉದ್ಘಾಟನೆಯಾಯಿತು. ಅಲ್ಲಿ ಕುಳಿತು ಕಾಯಿದೆ ಮಾಡುವವರಿಗೂ ಅವರನ್ನು ಆರಿಸಿ ಕಳುಹುವ ಗೃಹಸ್ಥರಿಗೂ ನಿಜಲಿಂಗಪ್ಪನವರ ಜೀವನವು ಒಂದೇ ಮಾತನ್ನು ತಿಳಿಸುತ್ತದೆ. ಅಧಿಕಾರವು ಜನರು ಒಪ್ಪಿಸಿದ ಭಂಡಾರ. ಅದರ ಬೀಗದ ಕೈಯನ್ನು ಹಿಡಿದವನು ಒಡೆಯನಲ್ಲ. ಲೆಕ್ಕವನ್ನು ಶುದ್ಧವಾಗಿಟ್ಟು, ಕರೆ ಬಂದಾಗ ಕೈಯನ್ನು ತೆರೆದು ಕೊಟ್ಟು ಹೊರಟರೆ ಆ ಕಾಯಕವು ಲಿಂಗಾರ್ಪಿತವಾಗುತ್ತದೆ.