ನ್ಯಾಯಮೂರ್ತಿ ಬದ್ರುದ್ದೀನ್ ತಯ್ಯಬ್ಜಿ

ಬೆಳಗಾವಿಯಿಂದ ಧಾರವಾಡಕ್ಕೆ ಹೋಗುವಾಗ ಹೆದ್ದಾರಿಯ ಪಕ್ಕದಲ್ಲಿ ಹೈಕೋರ್ಟ್ ಪೀಠದ ದೊಡ್ಡ ಕಟ್ಟಡ ಕಾಣುತ್ತದೆ. ಕಳೆದ ಬೇಸಿಗೆ ರಜೆಯಲ್ಲಿ ಮಾಮು ಜೊತೆ ಬಸ್ಸಿನಲ್ಲಿ ಹೋಗುತ್ತಿದ್ದಾಗ ಅದನ್ನು ತೋರಿಸಿ, ಅಲ್ಲಿ ಜಡ್ಜ್ ಆಗಬೇಕಾದರೆ ಏನು ಓದಬೇಕು ಎಂದು ಕೇಳಿದೆ. ಮಾಮು ನಕ್ಕರು. ಅವೆಲ್ಲ ನಮ್ಮಂಥವರಿಗೆ ಸಿಗುವ ಕೆಲಸವಲ್ಲ, ಬಿ.ಕಾಂ. ಮುಗಿಸಿ ಅಂಗಡಿ ನೋಡಿಕೋ ಎಂದರು. ಪ್ರೀತಿಯಿಂದಲೇ ಹೇಳಿದ ಮಾತು. ಆದರೂ ಅದು ನನ್ನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿಯಿತು. ನಮ್ಮವರಲ್ಲಿ ಯಾರೂ ಹೈಕೋರ್ಟ್ ನ್ಯಾಯಮೂರ್ತಿ ಆಗಿಲ್ಲವೇ ಎಂದು ಹುಡುಕಲು ಶುರುಮಾಡಿದೆ. ಆಗ ಸಿಕ್ಕ ಹೆಸರು ಬದ್ರುದ್ದೀನ್ ತಯ್ಯಬ್ಜಿ.

ಮುಂಬೈಯವರ ಕಥೆ ನಮಗೇಕೆ ಎಂದು ನೀವು ಕೇಳಬಹುದು. ಧಾರವಾಡದ ಪೀಠ ಶುರುವಾದದ್ದು 2008ರಲ್ಲಿ. ಅದಕ್ಕಿಂತ ಮೊದಲು ನಮ್ಮ ಕಡೆಯವರು ಹೈಕೋರ್ಟಿಗೆ ಬೆಂಗಳೂರಿಗೆ ಹೋಗಬೇಕಿತ್ತು. ಇನ್ನೂ ಹಿಂದೆ, ಅಂದರೆ 1956ರ ನವೆಂಬರ್ 1ಕ್ಕಿಂತ ಮೊದಲು, ಬೆಳಗಾವಿ ಜಿಲ್ಲೆ ಮುಂಬೈ ಆಡಳಿತದಲ್ಲಿತ್ತು. ಕುಲಗೋಡದ ಒಂದು ಹೊಲದ ತಕರಾರು ಹೈಕೋರ್ಟಿನ ತನಕ ಹೋಗಬೇಕಾದರೆ ಮುಂಬೈಗೇ ಹೋಗಬೇಕಿತ್ತು. ಹಾಗಾಗಿ ತಯ್ಯಬ್ಜಿ ಕುಳಿತಿದ್ದ ಹೈಕೋರ್ಟ್ ಆಗ ನಮ್ಮ ಹೈಕೋರ್ಟೇ ಆಗಿತ್ತು.

ಬದ್ರುದ್ದೀನರು 1844ರ ಅಕ್ಟೋಬರ್ 10ರಂದು ಮುಂಬೈಯಲ್ಲಿ ಹುಟ್ಟಿದರು. ತಂದೆ ತಯ್ಯಬ್ ಅಲಿ ಸುಲೈಮಾನಿ ಬೋಹ್ರಾ ಪಂಗಡದ ವ್ಯಾಪಾರಿ. ಅವರ ಮನೆತನದ ಮೂಲ ಗುಜರಾತಿನ ಖಂಬಾತ್. ವ್ಯಾಪಾರಿಯಾದರೂ ತಂದೆಗೆ ಮಕ್ಕಳ ಓದಿನ ಮೇಲೆ ಬಹಳ ಆಸೆ ಇತ್ತು. ಬದ್ರುದ್ದೀನರು ಮೊದಲು ಮದರಸಾದಲ್ಲಿ ಉರ್ದು, ಪಾರ್ಸಿ ಕಲಿತರು. ನಂತರ ಎಲ್ಫಿನ್‌ಸ್ಟನ್ ಶಾಲೆಗೆ ಸೇರಿದರು. 1860ರಲ್ಲಿ, ನಮಗಿಂತಲೂ ಚಿಕ್ಕ ವಯಸ್ಸಿನಲ್ಲಿ, ಓದಲು ಇಂಗ್ಲೆಂಡಿಗೆ ಹಡಗು ಹತ್ತಿದರು.

ಅಲ್ಲಿ ಅವರಿಗೆ ದೊಡ್ಡ ತೊಂದರೆ ಕೊಟ್ಟದ್ದು ಕಣ್ಣು. ಲಂಡನ್ನಿನ ಮಿಡ್ಲ್ ಟೆಂಪಲ್‌ನಲ್ಲಿ ಕಾನೂನು ಓದುತ್ತಿದ್ದಾಗ ದೃಷ್ಟಿ ಮಂದವಾಗುತ್ತ ಬಂತು. 1864ರಲ್ಲಿ ಓದು ಅರ್ಧಕ್ಕೆ ಬಿಟ್ಟು ಊರಿಗೆ ಮರಳಬೇಕಾಯಿತು. ಅಷ್ಟಕ್ಕೇ ನಿಂತಿದ್ದರೆ ಅವರ ಹೆಸರು ಇಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಮರುವರ್ಷ ಮತ್ತೆ ಹೋದರು. 1867ರಲ್ಲಿ ಬ್ಯಾರಿಸ್ಟರ್ ಆಗಿ ಮರಳಿ, ಮುಂಬೈ ಹೈಕೋರ್ಟಿನ ಮೊದಲ ಭಾರತೀಯ ಬ್ಯಾರಿಸ್ಟರ್ ಎನಿಸಿಕೊಂಡರು.

ಆಗ ಬ್ಯಾರಿಸ್ಟರ್ ಎಂದರೆ ಬಿಳಿಯರೇ. ಕಕ್ಷಿದಾರ ಮೊದಲು ಸಾಲಿಸಿಟರ್ ಬಳಿ ಹೋಗುತ್ತಿದ್ದ. ಸಾಲಿಸಿಟರ್ ತನಗೆ ನಂಬಿಕೆ ಇರುವ ಬ್ಯಾರಿಸ್ಟರನಿಗೆ ಕೇಸು ಒಪ್ಪಿಸುತ್ತಿದ್ದ. ಬದ್ರುದ್ದೀನರ ಅಣ್ಣ ಕಮ್ರುದ್ದೀನರು ಆಗಲೇ ಸಾಲಿಸಿಟರ್ ಆಗಿದ್ದರು, ಆ ವೃತ್ತಿಗೆ ಇಳಿದ ಮೊದಲ ಭಾರತೀಯರೂ ಅವರೇ. ಅಣ್ಣ ಬಾಗಿಲು ತೆರೆದಿದ್ದರು ಎನ್ನಬಹುದು. ಆದರೆ ವರ್ಷಾನುಗಟ್ಟಲೆ ಆ ಬಾಗಿಲಲ್ಲಿ ನಿಂತು ವಾದಿಸಿ ಹೆಸರು ಗಳಿಸಿದ್ದು ತಮ್ಮನೇ.

ವಕೀಲಿ ಜೊತೆಗೆ ಸಾರ್ವಜನಿಕ ಕೆಲಸಕ್ಕೂ ಇಳಿದರು. 1873ರಲ್ಲಿ ಮುಂಬೈ ನಗರಪಾಲಿಕೆಗೆ, 1882ರಲ್ಲಿ ಪ್ರಾಂತ್ಯದ ಶಾಸನ ಸಭೆಗೆ ಬಂದರು. ಅಣ್ಣನ ಜೊತೆ ಸೇರಿ 1870ರ ದಶಕದಲ್ಲಿ ಮುಂಬೈಯ ಅಂಜುಮನ್-ಎ-ಇಸ್ಲಾಂ ಕಟ್ಟಿದರು. ಮುಸ್ಲಿಂ ಮಕ್ಕಳು ಹೊಸ ವಿದ್ಯೆ ಕಲಿಯಬೇಕು ಎಂಬುದೇ ಅದರ ಗುರಿ. ನಮ್ಮ ಕಾಲೇಜಿನಂಥ ಸಂಸ್ಥೆಗಳ ಹಿಂದೆ ಇರುವ ಆಸೆಯೂ ಇದೇ. ತಮ್ಮ ಹೆಣ್ಣುಮಕ್ಕಳನ್ನೂ ಶಾಲೆಗೆ ಕಳಿಸಿದರು, 1904ರಲ್ಲಿ ಇಬ್ಬರನ್ನು ಇಂಗ್ಲೆಂಡಿಗೆ ಓದಲು ಕಳಿಸಿದರು. ಅದರ ಹಿಂದಿನ ವರ್ಷ ಮುಂಬೈಯಲ್ಲಿ ಸೇರಿದ ಮುಸ್ಲಿಂ ಶಿಕ್ಷಣ ಸಮ್ಮೇಳನದ ಅಧ್ಯಕ್ಷರಾಗಿ ಹುಡುಗಿಯರ ಓದಿನ ಪರವಾಗಿ ಮಾತಾಡಿದ್ದರು. ಬೇರೆಯವರಿಗೆ ಹೇಳಿದ್ದನ್ನು ಮೊದಲು ಮನೆಯಲ್ಲಿ ಮಾಡಿದವರು ಅವರು.

1887ರಲ್ಲಿ ಮದ್ರಾಸಿನಲ್ಲಿ ನಡೆದ ಕಾಂಗ್ರೆಸ್ಸಿನ ಮೂರನೇ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. ಆ ಸ್ಥಾನಕ್ಕೆ ಬಂದ ಮೊದಲ ಮುಸ್ಲಿಂ. ಅಲಿಗಢದ ಸರ್ ಸೈಯದ್ ಅಹ್ಮದ್ ಖಾನರು ಮುಸ್ಲಿಮರು ಕಾಂಗ್ರೆಸ್ಸಿನಿಂದ ದೂರ ಇರಬೇಕು ಎನ್ನುತ್ತಿದ್ದ ಕಾಲ ಅದು. ತಯ್ಯಬ್ಜಿ ಅವರನ್ನು ಗೌರವಿಸುತ್ತಲೇ ಪತ್ರ ಬರೆದು ವಾದಿಸಿದರು. ದೇಶಕ್ಕೆಲ್ಲ ಸಂಬಂಧಿಸಿದ ವಿಷಯದಲ್ಲಿ ನಾವೂ ಎಲ್ಲರ ಜೊತೆ ಕೂರಬೇಕು ಎಂಬುದು ಅವರ ನಿಲುವು. ಹೀಗೆ ಒಂದು ಕಡೆ ಸರ್ಕಾರ, ಇನ್ನೊಂದು ಕಡೆ ಸ್ವಂತ ಸಮಾಜದ ಹಿರಿಯರು, ಇಬ್ಬರ ನಡುವೆ ನಿಂತರು.

1895ರಲ್ಲಿ ಅವರು ಮುಂಬೈ ಹೈಕೋರ್ಟಿನ ನ್ಯಾಯಮೂರ್ತಿಯಾದರು, ಆ ಕೋರ್ಟಿನ ಮೊದಲ ಮುಸ್ಲಿಂ ನ್ಯಾಯಮೂರ್ತಿ. ಆಗಿನ ನೇಮಕದ ರೀತಿ ಬೇರೆ ಇತ್ತು. 1861ರ ಕಾಯ್ದೆಯ ಪ್ರಕಾರ ನೇಮಿಸುವುದು ಬ್ರಿಟಿಷ್ ರಾಣಿಯ ಹೆಸರಿನಲ್ಲಿ, ರಾಣಿಗೆ ಇಷ್ಟವಿರುವ ತನಕ ಮಾತ್ರ ಹುದ್ದೆ. ಇಂದು ಹೈಕೋರ್ಟ್ ನ್ಯಾಯಮೂರ್ತಿಗೆ 62 ವರ್ಷದ ತನಕ ರಕ್ಷಣೆ ಇದೆ, ಸಂಸತ್ತಿನ ಎರಡೂ ಸದನಗಳು ಒಪ್ಪದೆ ತೆಗೆಯಲಾಗದು. ತಯ್ಯಬ್ಜಿಗೆ ಆ ರಕ್ಷಣೆ ಇರಲಿಲ್ಲ. ಇದನ್ನು ನೆನಪಿಟ್ಟುಕೊಂಡು ಮುಂದಿನ ಸಂಗತಿ ಓದಿರಿ.

1897ರಲ್ಲಿ ಪುಣೆಯಲ್ಲಿ ಪ್ಲೇಗ್ ಹಬ್ಬಿತ್ತು. ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಗುಂಡು ಹಾರಿತು. ಬಿಳಿಯರ ಪತ್ರಿಕೆಗಳು ಕೆರಳಿದ್ದವು. ಕೇಸರಿ ಪತ್ರಿಕೆಯ ಬರಹಗಳಿಗಾಗಿ ಬಾಲ ಗಂಗಾಧರ ತಿಲಕರ ಮೇಲೆ ರಾಜದ್ರೋಹದ ಕೇಸು ಹಾಕಿ ಜುಲೈ ಕೊನೆಯಲ್ಲಿ ಬಂಧಿಸಿದರು. ಮ್ಯಾಜಿಸ್ಟ್ರೇಟ್ ಜಾಮೀನು ಕೊಡಲಿಲ್ಲ. ಹೈಕೋರ್ಟಿನಲ್ಲೂ ಮೊದಲ ಸಲ ಸಿಗಲಿಲ್ಲ. ಆಗಸ್ಟ್ ಮೊದಲ ವಾರ ಬ್ಯಾರಿಸ್ಟರ್ ದಿನಶಾ ದಾವರ್ ಮತ್ತೆ ಅರ್ಜಿ ಹಾಕಿದರು. ಈ ಸಲ ಪೀಠದಲ್ಲಿದ್ದವರು ತಯ್ಯಬ್ಜಿ.

ತಿಲಕರ ದಾರಿ ಬೇರೆ, ತಯ್ಯಬ್ಜಿಯವರ ದಾರಿ ಬೇರೆ. ಕಾಂಗ್ರೆಸ್ಸಿನಲ್ಲಿ ತಯ್ಯಬ್ಜಿ ಫಿರೋಜ್‌ಶಾ ಮೆಹ್ತಾ ಅವರ ಮಂದಗಾಮಿ ಗೆಳೆಯರ ಗುಂಪಿನವರು. ಕೊಡದಿದ್ದರೆ ಸರ್ಕಾರಕ್ಕೆ ಖುಷಿ, ಕೇಳುವವರೂ ಇರಲಿಲ್ಲ. ಆದರೆ ಅವರು ನೋಡಿದ್ದು ಇಷ್ಟೇ: ವಿಚಾರಣೆಗೆ ಇನ್ನೂ ಸುಮಾರು ಒಂದು ತಿಂಗಳಿದೆ, ಈ ಮನುಷ್ಯ ನಿರ್ದೋಷಿ ಎಂದು ಕೊನೆಗೆ ತೀರ್ಪಾದರೆ ಆ ತಿಂಗಳ ಸೆರೆವಾಸವನ್ನು ಯಾರು ವಾಪಸು ಕೊಡುತ್ತಾರೆ? ಜಾಮೀನು ಕೊಟ್ಟರು. ನಮ್ಮ ಅಕೌಂಟೆನ್ಸಿಯಲ್ಲೂ ಲೆಕ್ಕ ತಪಾಸಣೆ ಮುಗಿಯುವ ಮೊದಲೇ ಗುಮಾಸ್ತನನ್ನು ಕಳ್ಳ ಎಂದು ಬರೆಯುವಂತಿಲ್ಲ. ಮನೆಯಲ್ಲಿ ನಾವು ಜಮಾನತ್ ಎನ್ನುತ್ತೇವೆ, ಕನ್ನಡದಲ್ಲಿ ಜಾಮೀನು. ಎರಡೂ ಒಂದೇ ಬೇರಿನ ಮಾತು, ಎರಡಕ್ಕೂ ಅರ್ಥ ನಂಬಿಕೆಯ ಹೊಣೆ.

ತಿಲಕರು ಆ ನಂಬಿಕೆ ಉಳಿಸಿಕೊಂಡು ಸೆಪ್ಟೆಂಬರಿನ ವಿಚಾರಣೆಗೆ ಹಾಜರಾದರು. ಅದನ್ನು ನಡೆಸಿದ್ದು ನ್ಯಾಯಮೂರ್ತಿ ಸ್ಟ್ರೇಚಿ. ಒಂಬತ್ತು ಜ್ಯೂರಿಗಳಲ್ಲಿ ಆರು ಮಂದಿ ಯುರೋಪಿಯನ್ನರು. 18 ತಿಂಗಳ ಶಿಕ್ಷೆಯಾಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಮಾಮುಗೆ ನೋಡಿ ನಮ್ಮವರು ಎಂದು ಹೇಳಿ ಸುಮ್ಮನಾಗುತ್ತಿದ್ದೆ. ಆದರೆ 1908ರಲ್ಲಿ ತಿಲಕರ ಮೇಲೆ ಮತ್ತೆ ರಾಜದ್ರೋಹದ ಕೇಸಾಯಿತು. ಆಗ ನ್ಯಾಯಪೀಠದಲ್ಲಿದ್ದವರು ಹಿಂದೆ ಅವರಿಗಾಗಿ ಜಾಮೀನು ಕೇಳಿದ್ದ ಅದೇ ದಿನಶಾ ದಾವರ್. ಅವರು ಜಾಮೀನು ಕೊಡಲಿಲ್ಲ, ಆರು ವರ್ಷ ಗಡೀಪಾರಿನ ಶಿಕ್ಷೆ ಕೊಟ್ಟರು. ತಿಲಕರು ಮಂಡಾಲೆ ಜೈಲಿಗೆ ಹೋದರು. ದಾವರ್ ಕೂಡ ಭಾರತೀಯರೇ. ಇದನ್ನು ಓದಿದ ಮೇಲೆ ನನ್ನ ಪ್ರಶ್ನೆಯೇ ಬದಲಾಯಿತು. ನಮ್ಮವರು ಆ ಕುರ್ಚಿಗೆ ಬಂದರೇ ಎಂದು ಹುಡುಕುತ್ತಿದ್ದ ನನಗೆ, ಬಂದ ಮೇಲೆ ಯಾರಿಗೆ ಹೆದರದೆ ಏನು ಬರೆದರು ಎಂಬುದೇ ಮುಖ್ಯ ಎನಿಸಿತು.

1901ರಲ್ಲಿ ನಮ್ಮ ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರ್ಕರ್ ಕೂಡ ಅದೇ ಹೈಕೋರ್ಟಿನ ನ್ಯಾಯಮೂರ್ತಿಯಾದರು. 1902ರಲ್ಲಿ ತಯ್ಯಬ್ಜಿ ಹಂಗಾಮಿ ಮುಖ್ಯ ನ್ಯಾಯಮೂರ್ತಿಯಾಗಿ ಕೆಲಸ ಮಾಡಿದರು. ಕಾಯಂ ಆಗಿ ಆ ಸ್ಥಾನ ಒಬ್ಬ ಭಾರತೀಯನಿಗೆ ಸಿಕ್ಕಿದ್ದು 1947ರಲ್ಲಿ, ಎಂ.ಸಿ. ಛಾಗ್ಲಾ ಅವರಿಗೆ. ತಯ್ಯಬ್ಜಿ ಅದನ್ನು ನೋಡಲು ಇರಲಿಲ್ಲ. ರಜೆಯ ಮೇಲೆ ಲಂಡನ್ನಿಗೆ ಹೋಗಿದ್ದಾಗ 1906ರ ಆಗಸ್ಟಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 61.

ನನ್ನ ಹಾಗೆ ವಾಣಿಜ್ಯ ವಿಭಾಗದಲ್ಲಿ ಓದುವವರಿಗೆ ಒಂದು ಮಾತು. ಪಿಯುಸಿ ಮುಗಿದ ಮೇಲೆ ಯಾವ ವಿಭಾಗದವರೂ ಐದು ವರ್ಷದ ಕಾನೂನು ಪದವಿಗೆ ಸೇರಬಹುದು. ಹೈಕೋರ್ಟಿನಲ್ಲಿ ಹತ್ತು ವರ್ಷ ವಕೀಲಿ ಮಾಡಿದವರು ನ್ಯಾಯಮೂರ್ತಿ ಹುದ್ದೆಗೆ ಅರ್ಹರು. ಇದನ್ನು ಮಾಮುಗೂ ಹೇಳಿದೆ. ಈ ಸಲ ಅವರು ನಗಲಿಲ್ಲ. ಮೊದಲು ಈ ವರ್ಷದ ಪರೀಕ್ಷೆ ಚೆನ್ನಾಗಿ ಬರೆ ಎಂದರು. ಬರೆಯುತ್ತೇನೆ.